ಮಡಚಿದ ಕಿವಿ

ಯಮಕನಮರಡಿಯ ನಮ್ಮ ಗಲ್ಲಿಯಲ್ಲಿ ಯಾವ ಹೆಣ್ಣುಮಗಳು ಬಸುರಾದರೂ ನನ್ನ ಕಿವಿ ನೋಡಿ ಹೋಗಬೇಕಿತ್ತು. ಅಪ್ಪನ ತಾಯಿ ಯಮನವ್ವ, ನಮ್ಮ ಆಯಿ, ಕಟ್ಟೆಯ ಮೇಲೆ ಕೂತು, "ದಾನವ್ವಾ, ಬಾ ಇಲ್ಲೆ" ಎಂದು ಕರೆಯುತ್ತಿದ್ದಳು. ನಾನು ಹೋಗಿ ನಿಂತರೆ ಕೂದಲು ಸರಿಸಿ ಬಲಗಿವಿ ತೋರಿಸುತ್ತಿದ್ದಳು. ಅದರ ಮೇಲಂಚು ಮುಂದಕ್ಕೆ ಬಾಗಿ, ಮಡಚಿಟ್ಟ ಬಟ್ಟೆಯಂತೆ ಬಿದ್ದುಕೊಂಡಿತ್ತು.

"ನೋಡ್ರವಾ, ಇವರವ್ವ ಬಸುರಿದ್ದಾಗ ಗ್ರಹಣದಾಗ ಕೌದಿ ಮಡಚಿದ್ಲು. ಕೂಸು ಕಿವಿ ಮಡಚಿಕೊಂಡ ಬಂತು. ನೀವರೆ ಶ್ಯಾಣ್ಯಾರಾಗ್ರಿ."

ಹೇಳಿ ಮುಗಿಸಿ, ಅದೇ ಕಿವಿಗೊಂದು ಮುತ್ತು ಕೊಟ್ಟು, ನನ್ನ ಕೈಗೆ ಶೇಂಗಾ ಉಂಡಿ ಇಡುತ್ತಿದ್ದಳು. ಆಯಿಗೆ ನನ್ನ ಮೇಲೆ ಅಷ್ಟು ಪ್ರೀತಿ. ಅವ್ವನ ಮೇಲೂ ದ್ವೇಷವಿರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನುವ ದನಿಯಲ್ಲೇ ಆಕೆ ಈ ಮಾತನ್ನೂ ಹೇಳುತ್ತಿದ್ದಳು.

ಆ ಹೊತ್ತಿಗೆ ಒಳಗೆ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತಿತ್ತು. ಒಂದು ಉಸಿರಿನಷ್ಟು ಹೊತ್ತು. ಮತ್ತೆ ಶುರುವಾಗುತ್ತಿತ್ತು. ನನ್ನ ಅವ್ವ ರಾಜೇಶ್ವರಿ ಒಮ್ಮೆಯೂ ಎದುರಾಡಲಿಲ್ಲ. ನಾನು ಹುಟ್ಟುವ ವರ್ಷ, ಗ್ರಹಣದ ಸಂಜೆ ಮಳೆ ಬಂತೆಂದು, ಅಂಗಳದಲ್ಲಿ ಒಣಹಾಕಿದ್ದ ಕೌದಿಯನ್ನು ಒಳಗೆ ತಂದು ಮಡಚಿದ್ದಳಂತೆ. ಅಷ್ಟೇ ಅವಳ ತಪ್ಪು. ಒಲೆಯ ಮುಂದಿನ ಅವಳ ಮೌನವನ್ನು ಕೇಳುತ್ತಲೇ ನಾನು ದೊಡ್ಡವಳಾದೆ. ಅದು ತಪ್ಪಿತಸ್ಥಳ ಮೌನವೆಂದೇ ತಿಳಿದಿದ್ದೆ.

ಅರಭಾವಿಯ ಕಾಲೇಜಿನಲ್ಲಿ ತೋಟಗಾರಿಕೆ ಓದಿ ಮುಗಿಸಿದ ವರ್ಷ ಕಿವಿಯ ಆಪರೇಶನ್ ಮಾಡಿಸಿಕೊಳ್ಳುತ್ತೇನೆಂದೆ. ಚಷ್ಮಾ ಜಾರುತ್ತದೆ ಎಂಬ ಕಾರಣ ಕೊಟ್ಟೆ. ಖರೆ ಕಾರಣ ಬೇರೆ ಇತ್ತು. ನನ್ನ ತಲೆಯ ಮೇಲೆ ಅವ್ವನ ವಿರುದ್ಧದ ಸಾಕ್ಷಿಯೊಂದು ಕೂತಿತ್ತು. ಅದು ಬಾಯಿ ಮುಚ್ಚಬೇಕಿತ್ತು.

ಗೋಕಾಕದ ದವಾಖಾನೆಯಲ್ಲಿ ಕಿವಿಗಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹಿಂಬದಿಯಲ್ಲಿ ಕೊಯ್ದು, ಒಳಗಿನ ಮೆತ್ತನೆಯ ಎಲುಬನ್ನು ಹಿಂದಕ್ಕೆಳೆದು ಹೊಲಿದರು. ತಲೆಯ ಸುತ್ತ ದಪ್ಪ ಬ್ಯಾಂಡೇಜ್ ಕಟ್ಟಿಸಿಕೊಂಡು ಮನೆಗೆ ಬಂದಾಗ ಆಯಿ ಬಾಗಿಲಲ್ಲೇ ಕೈ ಮುಗಿದಳು.

"ಬರ್ರಿ ಗೌಡ್ರ, ಪಟಗಾ ಭಾಳ ಛಂದ ಸುತ್ತೀರಿ."

ನಕ್ಕರೆ ಹೊಲಿಗೆ ಎಳೆಯುತ್ತಿತ್ತು. ರೊಟ್ಟಿ ಅಗಿಯಲು ಆಗುತ್ತಿರಲಿಲ್ಲ. ಆಯಿ ಜೋಳದ ನುಚ್ಚು ಕುದಿಸಿ, ಮಜ್ಜಿಗೆ ಕಲಸಿ, ಚಮಚದಿಂದ ತಿನ್ನಿಸಿದಳು. ಮಧ್ಯಾಹ್ನ ಮಲಗಿದರೆ ನಾನು ಬಲಕ್ಕೆ ಹೊರಳದಂತೆ ಬೆನ್ನಿಗೆ ತನ್ನ ಮೊಣಕಾಲು ಒತ್ತಿಕೊಂಡು ಕೂತಿರುತ್ತಿದ್ದಳು. ಬ್ಯಾಂಡೇಜಿನೊಳಗೆ ಕಿವಿ ಬಿಸಿಯಾಗಿ ಮಿಡಿಯುತ್ತಿತ್ತು. "ನೋಯಾಕತ್ತೈತೇನ ನನ್ನವ್ವಾ?" ಎಂದು ಕೇಳುವಾಗ ಅವಳ ಕೈ ತಾನಾಗಿಯೇ ತನ್ನ ಸೆರಗಿಗೆ ಹೋಗುತ್ತಿತ್ತು. ಆ ಸೆರಗು ಹಣೆಯಿಂದ ಇಳಿದು ಎರಡೂ ಕಿವಿ ಮುಚ್ಚಿ ಗದ್ದದವರೆಗೆ ಬಿಗಿಯಾಗಿ ಇರುತ್ತಿತ್ತು. ಅದು ಜಾರಿದ್ದನ್ನು ನಾನು ಕಂಡಿರಲಿಲ್ಲ.

ಹೊಲಿಗೆ ಬಿಚ್ಚಿಸಲು ಅವ್ವನ ಜೊತೆ ಆಯಿಯೂ ಬಂದಳು. ಊತ ಇನ್ನೂ ಇತ್ತು, ಆದರೆ ಕಿವಿ ನೆಟ್ಟಗೆ ನಿಂತಿತ್ತು. ಇನ್ನು ಕೆಲವು ವಾರ ಮಲಗುವಾಗ ಪಟ್ಟಿ ಕಟ್ಟಿಕೊಳ್ಳಲು ಹೇಳಿದ ಡಾಕ್ಟರ್, ಕೈ ತೊಳೆಯುತ್ತ ಕೇಳಿದರು.

"ಮನ್ಯಾಗ ಮತ್ತ ಯಾರಿಗರೆ ಹಿಂಗ ಐತೇನ್ರಿ? ಇದು ವಂಶದಾಗ ಬರತೈತಿ. ಒಮ್ಮೊಮ್ಮಿ ಒಂದು ತಲಿಮಾರು ಬಿಟ್ಟು ಬರತೈತಿ."

ಅವ್ವ ಆಯಿಯ ಕೈ ಹಿಡಿದುಕೊಂಡು, "ಬಸ್ಸಿಗೆ ಹೊತ್ತಾತ್ರಿ ಅತ್ತಿ, ನಡೀರಿ" ಎಂದಳು.

ದೀಪಾವಳಿಯ ನಡುವೆಯೇ ಸೂರ್ಯಗ್ರಹಣ ಬಂತು. ನನ್ನ ಅಣ್ಣ ಈಶ್ವರನ ಹೆಂಡತಿ, ಮೂಡಲಗಿಯ ಪೂನಮ್ ವೈನಿ, ಆಗ ಆರು ತಿಂಗಳ ಬಸುರಿ. ಉರಿಮೂತ್ರವೆಂದು ಡಾಕ್ಟರ್ ಆಕೆಗೆ ಮೇಲಿಂದ ಮೇಲೆ ನೀರು ಕುಡಿಯಲು ಹೇಳಿದ್ದರು. ಆಯಿ ಬೆಳಗ್ಗೆಯೇ ಆಕೆಯನ್ನು ಒಳಕೋಣೆಗೆ ಸೇರಿಸಿ ಕಿಟಕಿಗೆ ಚಾದರ ಕಟ್ಟಿದಳು. ಗ್ರಹಣ ಬಿಡುವವರೆಗೆ ನೀರಿಲ್ಲ, ಕೂಳಿಲ್ಲ. ಕೈಕಾಲು ಮಡಚದೆ ನೆಟ್ಟಗೆ ಮಲಗಿರಬೇಕು. ಲಾರಿಯಲ್ಲಿದ್ದ ಅಣ್ಣ ಫೋನಿನಲ್ಲಿ, "ಒಂದ ದಿನ ಅಲ್ಲೇನ, ಆಯಿ ಹೇಳಿದ್ದ ಕೇಳ" ಎಂದು ಮುಗಿಸಿದ.

ಮಧ್ಯಾಹ್ನದ ಹೊತ್ತಿಗೆ ವೈನಿಯ ತುಟಿ ಒಣಗಿತ್ತು. ನಾನು ನೀರು ತೆಗೆದುಕೊಂಡು ಹೋದರೆ ಆಯಿ ಬಾಗಿಲಿಗೆ ಅಡ್ಡ ಕೂತಿದ್ದಳು.

"ಆಯಿ, ಕೊರಳಾಗ ಲಿಂಗ ಕಟ್ಟಿಕೊಂಡಿ, ದಿನಾ ಪೂಜಿ ಮಾಡತಿ. ಸೂರ್ಯಾಗ ಚಂದ್ರ ಅಡ್ಡ ಬಂದ್ರ ಬೀಳೂ ನೆರಳು ಅದು. ನೆರಳಿಗೆ ಯಾಕ ಅಂಜತಿ?"

"ನೆರಳಿಗೆ ಅಂಜೂದಿಲ್ಲವಾ. ಮಂದಿ ಬಾಯಿಗೆ ಅಂಜತೇನಿ."

"ವೈನಿ ಸುಸ್ತಾಗ್ಯಾಳ."

"ನೀ ಕಲತಾಕಿ, ಕೊಯಿಸಿಕೊಂಡು ನೆಟ್ಟಗ ಮಾಡಿಸ್ಕೊಂಡಿ. ಹುಟ್ಟೂ ಕೂಸಿಗೂ ಕತ್ತರಿ ಹಾಕಸ್ತಿಯೇನು?"

ನೀರು ಹಿಡಿದುಕೊಂಡೇ ಹಿಂದಿರುಗಿದೆ. ಕಿವಿ ನೆಟ್ಟಗಾಗಿತ್ತು, ಮಾತು ಮಡಚಿದಲ್ಲೇ ಇತ್ತು.

ಸಂಜೆಯ ಬಿಸಿಲು ಮಂಕಾಗತೊಡಗಿದಾಗ ಒಳಗಿನಿಂದ ಏನೋ ಬಿದ್ದ ಸದ್ದು ಬಂತು. ಬಚ್ಚಲಿಗೆ ಹೋಗಲೆಂದು ಎದ್ದ ವೈನಿ ತಲೆ ತಿರುಗಿ ಗೋಡೆ ಹಿಡಿದು ಕುಸಿದಿದ್ದಳು. ಅವ್ವ ಅಡುಗೆಮನೆಯಿಂದ ಬಂದಳು. ತಂಬಿಗೆ ತುಂಬಿಕೊಂಡು, ಆಯಿಯ ಕಾಲು ದಾಟಿ ಒಳಗೆ ಹೋದಳು. ವೈನಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಟುಕು ಗುಟುಕಾಗಿ ನೀರು ಕುಡಿಸಿದಳು. ಆಯಿ, "ರಾಜೀ, ಬ್ಯಾಡ! ರಾಜೀ!" ಎನ್ನುತ್ತಲೇ ಇದ್ದಳು.

ನೀರು ಕುಡಿಸಿ ಬಂದ ಅವ್ವ ಗೂಟದ ಮೇಲಿನ ಕೌದಿ ಎಳೆದುಕೊಂಡು ಆಯಿಯ ಎದುರಿಗೆ ಕೂತಳು. ನೆಲದ ಮೇಲೆ ಹರವಿ ಅಂಚಿಗೆ ಅಂಚು ಸೇರಿಸಿ ಮಡಚಿದಳು. ಮತ್ತೊಮ್ಮೆ ಮಡಚಿದಳು.

"ಅತ್ತಿ, ನಾನೂ ಹಿಂಗ ಮಡಚಿದ್ನಿ. ಅದಕ್ಕ ದಾನಿ ಕಿವಿ ಹಂಗಾತು ಅಂದ್ರಿ. ಇರಲಿ." ಅವಳ ದನಿ ಏರಲಿಲ್ಲ. "ನಿಮ್ಮವ್ವ ಏನ ಮಡಚಿದ್ಲರಿ?"

ನನಗೆ ಅರ್ಥವಾಗಲಿಲ್ಲ. ಆಯಿಗೆ ಅರ್ಥವಾಗಿತ್ತು. ಅವಳು ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಕೈ ಸಡಿಲಿಸಿದಳು. ಸೆರಗು ಭುಜಕ್ಕೆ ಜಾರಿತು. ನರೆಗೂದಲ ನಡುವೆ ಅವಳ ಬಲಗಿವಿ ಕಂಡಿತು. ಅದು ನನ್ನ ಕಿವಿ. ಅದೇ ಅಂಚು, ಅದೇ ಬಾಗು.

"ಏನೂ ಮಡಚಿರಲಿಲ್ಲಂತ" ಎಂದಳು ಆಯಿ. "ಸಾಯೂತನಾ ಅದನ್ನ ಹೇಳಿದ್ಲಂತ. ನಮ್ಮಪ್ಪ ನಂಬಲಿಲ್ಲ. ಆಕೀನ ತವರಿಗೆ ಅಟ್ಟಿ, ನನ್ನ ಇಟ್ಟುಕೊಂಡ. ನನಗ ಆಕಿ ಮಾರಿ ಸುದ್ದಾ ನೆನಪಿಲ್ಲ." ಅವ್ವನ ಕಡೆ ತಿರುಗಿದಳು. "ನಿನಗ ಯಾವಾಗ ಗೊತ್ತಾತು?"

"ದಾನಿ ಹುಟ್ಟಿದ ವರ್ಸ ನಿಮಗ ಜ್ವರ ಬಂದಿತ್ತಲ್ಲರಿ, ಆಗ ತಲಿ ಒರಸಿದಾಕಿ ನಾನ."

"ಮತ್ತ ಇಷ್ಟ ದಿನಾ ಯಾಕ ಅನ್ನಲಿಲ್ಲ?"

"ನೀವು ಮುಚ್ಚಿಟ್ಟುಕೊಂಡಿದ್ದನ್ನ ನಾ ಹೆಂಗ ತಗೀಲಿರಿ?"

ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತಿದ್ದ ಆ ಕ್ಷಣಗಳೆಲ್ಲ ನನಗೆ ಒಮ್ಮೆಗೇ ನೆನಪಾದವು. ಪ್ರತಿ ಸಲವೂ ನಾಲಿಗೆಯ ತುದಿಗೆ ಬಂದ ಒಂದು ಮಾತನ್ನು ಅವ್ವ ಅಲ್ಲಿ ನುಂಗುತ್ತಿದ್ದಳು. ತನ್ನ ಮೇಲಿನ ಆರೋಪ ಹೊತ್ತುಕೊಂಡೇ, ಆರೋಪ ಹೊರಿಸಿದವಳ ಮಾನ ಕಾಯುತ್ತಿದ್ದಳು. ಎರಡು ಪ್ರೀತಿಯ ಹೆಂಗಸರ ನಡುವೆ ಒಂದು ಸುಳ್ಳು ಇಷ್ಟು ವರ್ಷ ಆರಾಮಾಗಿ ಕೂತು ಉಂಡಿತ್ತು. ಇಂಥ ಕಿವಿ, ಇಂಥ ತುಟಿ, ಇಂಥ ಬೆರಳಿಗಾಗಿ ಒಲೆಯ ಮುಂದೆ ತಲೆ ತಗ್ಗಿಸಿ ಕೂತ ತಾಯಂದಿರು ನಿಮ್ಮ ಗಲ್ಲಿಯಲ್ಲೂ ಇರಬಹುದು. ಅವರ ಮೌನವನ್ನು ಒಪ್ಪಿಗೆ ಎಂದುಕೊಳ್ಳಬೇಡಿ.

ಆಯಿ ಗೋಡೆ ಹಿಡಿದು ಎದ್ದಳು. ಗ್ರಹಣ ಬಿಟ್ಟಿರಲಿಲ್ಲ. ಒಳಕೋಣೆಗೆ ಹೋಗಿ ಕಿಟಕಿಯ ಚಾದರ ಬಿಚ್ಚಿದಳು. ವೈನಿಯ ಪಕ್ಕದಲ್ಲಿ ಕೂತು ಅವಳ ಮರಗಟ್ಟಿದ ಕಾಲುಗಳನ್ನು ತಿಕ್ಕಿದಳು.

"ಕಾಲ ಮಡಚಿಕೊಂಡು ಹಗೂರ ಮಲಗವಾ" ಎಂದಳು.

ತವರೂರು ಮೂಡಲಗಿಯಲ್ಲಿ ವೈನಿಗೆ ಹೆಣ್ಣು ಹುಟ್ಟಿತು. ಕೂಸಿನ ಬಲಗಿವಿ ಮಡಚಿತ್ತು. ಗೋಕಾಕದ ಡಾಕ್ಟರ್ ನೋಡಿ, ಎಳೆಗೂಸಿನ ಕಿವಿ ಮೇಣದಷ್ಟು ಮೆತ್ತಗಿರುತ್ತದೆ, ಈಗಲೇ ಪಟ್ಟಿ ಅಂಟಿಸಿದರೆ ಕೊಯ್ಯದೆಯೇ ಸರಿಹೋಗಬಹುದು ಎಂದರು. ತೊಟ್ಟಿಲಿಗೆ ಹಾಕುವ ದಿನ ಕಿವಿಯ ಮೇಲಿನ ಆ ಬಿಳಿ ಪಟ್ಟಿ ಎಲ್ಲರ ಕಣ್ಣಿಗೆ ಬಿತ್ತು. ವೈನಿಯ ಚಿಗವ್ವ ತುಂಬಿದ ಪಡಸಾಲೆಯಲ್ಲೇ ಅಂದಳು:

"ಗ್ರಹಣದಾಗ ನೀರ ಕುಡಿದ್ಲಂತ, ಕಾಲ ಮಡಚಿದ್ಲಂತ. ಈಗ ನೋಡ್ರಿ!"

ವೈನಿ ತಲೆ ತಗ್ಗಿಸಿದಳು. ಆ ಮೌನ ನನಗೆ ಗೊತ್ತಿದ್ದ ಮೌನ. ನಾನು ಬಾಯಿ ತೆರೆಯುವ ಮೊದಲೇ ಆಯಿ ಕೂಸನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಇನ್ನೊಂದು ಕೈಯಿಂದ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿದಳು.

"ನೋಡ್ರವಾ, ಬರ್ರಿ, ಹಂತ್ಯಾಕ ಬಂದ ನೋಡ್ರಿ. ಇದು ಗ್ರಹಣದ್ದಲ್ಲ, ನಂದು. ನಮ್ಮವ್ವಂದೂ ತಪ್ಪಿಲ್ಲ, ನನ್ನ ಸೊಸಿದೂ ತಪ್ಪಿಲ್ಲ, ಈ ಹುಡಿಗೀದೂ ತಪ್ಪಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ಈ ದಾನವ್ವಂದೂ ಹಿಂಗ ಇತ್ತು. ಹುಚ್ಚಿ, ಅವಸರ ಮಾಡಿ ನೆಟ್ಟಗ ಮಾಡಿಸ್ಕೊಂಡ್ಲು. ಇಲ್ಲಾಂದ್ರ ಮೂರೂ ಸಾಲಾಗಿ ತೋರಿಸ್ತಿದ್ನಿ."

ಮೊದಲು ನಕ್ಕವಳು ಅವ್ವ. ಸೆರಗು ಬಾಯಿಗೆ ಇಟ್ಟುಕೊಳ್ಳದೆ, ಪಡಸಾಲೆಗೆಲ್ಲ ಕೇಳುವಂತೆ ನಕ್ಕಳು.