ಅಕ್ಕನ ಕಾರ್ಖಾನೆ, ತಮ್ಮನ ಕುರ್ಚಿ

ಅಪ್ಪ ಬಿಟ್ಟುಹೋದ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯನ್ನು ಅಕ್ಕ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡು ಬಂದಿದ್ದಳು. ತಮ್ಮ ಸ್ಪರ್ಧಾ ಆಯೋಗದ ಸದಸ್ಯ. ಒಂದೇ ಕಂಪನಿ ಇಡೀ ಮಾರುಕಟ್ಟೆಯನ್ನು ನುಂಗದಂತೆ ತಡೆಯುವುದು ಅವನ ಕೆಲಸ. ಚಿಕ್ಕಂದಿನಲ್ಲಿ ಬಿಸ್ಕತ್ತು ಮುರಿದರೂ ಎರಡು ಚೂರನ್ನೂ ಪಕ್ಕಪಕ್ಕ ಹಿಡಿದು ನೋಡಿಯೇ ಕೊಡುತ್ತಿದ್ದ. ಅದಕ್ಕೇ ಅಕ್ಕ ಅವನಿಗೆ ‘ತಕ್ಕಡಿ’ ಎಂದು ಹೆಸರಿಟ್ಟಿದ್ದಳು.

ವಿದ್ಯುತ್ ಜಾಲಕ್ಕೆ ಇನ್ನು ಸ್ವದೇಶಿ ಕಂಪನಿಗಳ ಯಂತ್ರಗಳೇ ಆಗಬೇಕೆಂದು ಸರ್ಕಾರ ಆಜ್ಞೆ ಹೊರಡಿಸಿದಾಗ, ತಾಮ್ರದ ತಂತಿ ಸುತ್ತುವ ಕೋಣೆಯಲ್ಲಿ ಅಕ್ಕ ಕುಣಿಯುವುದೊಂದು ಬಾಕಿ.

“ನೋಡೋ ತಕ್ಕಡಿ, ಕೊನೆಗೂ ಹಿತ್ತಲ ಗಿಡ ಮದ್ದಾಯ್ತು!” ಎಂದು ಫೋನಿನಲ್ಲಿ ನಕ್ಕಳು.

ವಿದೇಶಿಯರು ಗಂಟುಮೂಟೆ ಕಟ್ಟಿದ ಮೇಲೆ ಕಣದಲ್ಲಿ ಉಳಿದ ದೊಡ್ಡ ಕಂಪನಿಗಳು ಎರಡೇ. ಅವೆರಡೂ ಒಂದಾಗಲು ಆಯೋಗದ ಒಪ್ಪಿಗೆ ಕೇಳಿದವು. ಟ್ರಾನ್ಸ್‌ಫಾರ್ಮರಿನ ಒಳಗಿಡುವ ಉಕ್ಕಿನ ತಗಡನ್ನು ದೇಶದಲ್ಲಿ ತಯಾರಿಸುವವರೂ ಅವರೇ; ಒಂದಾದರೆ ಅದೆಲ್ಲ ಒಂದೇ ಮುಷ್ಟಿಯಲ್ಲಿ. ಅಕ್ಕನಂಥವರು ಅವರು ಕೊಟ್ಟಾಗ ಕೊಟ್ಟಷ್ಟು ತೆಗೆದುಕೊಂಡು ಬದುಕಬೇಕು.

ಅಕ್ಕ ತಕರಾರು ಸಲ್ಲಿಸಿದಳು. ವಿಚಾರಣೆಯ ದಿನ ತಮ್ಮ ಎದ್ದು ನಿಂತ.

“ತಕರಾರು ಕೊಟ್ಟವರು ನನ್ನ ಒಡಹುಟ್ಟಿದವರು. ನಾನಿಲ್ಲಿ ಕೂರೋದು ಸರಿಯಲ್ಲ” ಎಂದು, ಅವಳ ಕಡೆ ನೋಡದೆ ಹೊರಗೆ ನಡೆದ. ಅಕ್ಕನಿಗೆ ಹೆಮ್ಮೆಯೇ ಆಯಿತು.

ಉಳಿದ ಸದಸ್ಯರು ಎರಡು ಭಾಗವಾಗಿ ಸಮಸಮ ನಿಂತರು. ಆಗ ಅಧ್ಯಕ್ಷರು, “ನಮ್ಮವರು ಬಲವಾಗದಿದ್ದರೆ ಹೊರಗಿನವರು ಮತ್ತೆ ನುಗ್ಗುತ್ತಾರೆ. ದೇಶದ ದೀಪದ ಗುಂಡಿ ಪರರ ಕೈಗೆ ಹೋಗಬಾರದು” ಎಂದು ನಿರ್ಣಾಯಕ ಮತವನ್ನು ಒಪ್ಪಿಗೆಯ ಕಡೆಗೇ ಹಾಕಿದರು. ಆ ಮಾತು ಪೂರ್ತಿ ಸುಳ್ಳೂ ಅಲ್ಲ ಎಂಬುದು ಅಕ್ಕನಿಗೂ ಗೊತ್ತಿತ್ತು.

ತಗಡು ಬರುವುದು ತಡವಾಗುತ್ತ ಹೋಗಿ, ಕಡೆಗೆ ನಿಂತೇಹೋಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಕೆಲಸಗಾರರು ಒಬ್ಬೊಬ್ಬರಾಗಿ ಅಕ್ಕನಿಗೆ ಹೇಳಿ ಹೊರಟರು.

ಯಂತ್ರಗಳನ್ನು ಲಾರಿಗೆ ಏರಿಸುವ ದಿನ ತಮ್ಮ ಬಂದ. ಎಣ್ಣೆ ವಾಸನೆಯ ಖಾಲಿ ಅಂಗಳದಲ್ಲಿ ನಿಂತು, “ನಾನು ಕೂತಿದ್ದಿದ್ರೆ ಬೇಡ ಅಂತಿದ್ದೆ ಅಕ್ಕಾ. ನನ್ನ ಒಂದು ಮತ ಸಾಕಾಗ್ತಿತ್ತು” ಎಂದ.

“ನಾನು ತಕರಾರು ಕೊಡದೆ ಸುಮ್ನಿದ್ದಿದ್ರೆ?”

“ಆಗ್ಲೂ ಎದ್ದು ಹೋಗ್ತಿದ್ದೆ. ಕಾರ್ಖಾನೆ ನಿಂದಲ್ವಾ.”

“ಅಂದ್ರೆ, ನನಗೊಂದು ಕಾರ್ಖಾನೆ ಇಲ್ದೇ ಇದ್ದಿದ್ರೆ ನನ್ನ ಕಾರ್ಖಾನೆ ಉಳೀತಿತ್ತು ಅನ್ನು!” ಅಕ್ಕ ನಗಲು ಹೋದಳು, ಅಳು ಬಂತು. ಅವನು ಕೈ ಹಿಡಿಯಲು ಬಂದಾಗ ಮೆಲ್ಲಗೆ ಬಿಡಿಸಿಕೊಂಡಳು.

“ನೀನು ಮಾಡಿದ್ದು ಸರಿ ಕಣೋ. ಕೋಪ ಇಲ್ಲ. ಆದ್ರೆ ಸ್ವಲ್ಪ ದಿನ ಮನೆ ಕಡೆ ಬರಬೇಡ. ನಿನ್ನ ಮುಖ ನೋಡೋಕೆ ನನ್ನಿಂದ ಆಗಲ್ಲ.”

ಅವನು ತಲೆಯಾಡಿಸಿ, ಲಾರಿಯ ಪಕ್ಕದಿಂದ ಹಾದು ಹೊರಟುಹೋದ.