ಮೂವತ್ತಮೂರನೇ ಪುಟದ ಮೊಹರು

ಶುಕ್ರವಾರ ಬಂತೆಂದರೆ ಬಾಗ್ದಾದಿನ ಪುಸ್ತಕದ ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಂಗಡಿಗಳು ಸಾಲದೆ ಪುಸ್ತಕಗಳು ರಸ್ತೆಗೇ ಇಳಿದು ಚಾಪೆಯ ಮೇಲೆ ಕೂತಿರುತ್ತವೆ. ಆದರೆ ಆ ಬೇಸಿಗೆಯಲ್ಲಿ, ಶುಕ್ರವಾರ ಹತ್ತಿರ ಬಂದರೆ ಅಲ್ಲೇ ಪುಸ್ತಕದಂಗಡಿ ಇಟ್ಟಿದ್ದ ಸಲ್ವಾನನಿಗೆ ಊಟ ಸೇರುತ್ತಿರಲಿಲ್ಲ. ಅವತ್ತು ಬಹೀಜಾ ಬರುತ್ತಿದ್ದರು.

ಬಹೀಜಾ ನದಿಯಾಚೆಯ ಸಣ್ಣದೊಂದು ಸಾರ್ವಜನಿಕ ಗ್ರಂಥಾಲಯವನ್ನು ತಲೆ ನರೆಯುವವರೆಗೆ ಸಾಕಿದ ಹೆಂಗಸು. ಆ ವರ್ಷ ಸರ್ಕಾರ ಉರುಳಿ ಊರೆಲ್ಲ ಲೂಟಿಯಾದಾಗ ಗ್ರಂಥಾಲಯವನ್ನೂ ಬಿಡಲಿಲ್ಲ. ಫ್ಯಾನು ಹೋಯಿತು, ಕುರ್ಚಿ ಹೋಯಿತು, ಕೊನೆಗೆ ಪುಸ್ತಕಗಳೂ ಹೋದವು. ಅಂದಿನಿಂದ ಅವರು ವಾರವಾರವೂ ಬಂದು, ಚಾಪೆಯಿಂದ ಚಾಪೆಗೆ ಬಗ್ಗಿ ತಮ್ಮ ಪುಸ್ತಕ ಹುಡುಕುತ್ತಿದ್ದರು. ಸಿಕ್ಕರೆ ಜಗಳವಿಲ್ಲ, ಎದೆಗವಚಿಕೊಂಡು ನಡೆದುಬಿಡುತ್ತಿದ್ದರು. ತಡೆಯುವ ಧೈರ್ಯ ಯಾವ ವ್ಯಾಪಾರಿಗೂ ಇರಲಿಲ್ಲ.

ಇಡೀ ಬೀದಿಯಲ್ಲಿ ಅವರು ಹುಡುಕದೆ ಬಿಟ್ಟ ಅಂಗಡಿ ಒಂದೇ, ಸಲ್ವಾನನದು. ಅಲ್ಲಿ ಸುಮ್ಮನೆ ಕೂತು ಒಣ ನಿಂಬೆಯ ಚಹಾ ಕುಡಿದು ಸುಧಾರಿಸಿಕೊಳ್ಳುತ್ತಿದ್ದರು. ಅವನು ಅವರ ಗ್ರಂಥಾಲಯದಲ್ಲೇ ಓದಿ ಬೆಳೆದವನು. ಕೈ ತೊಳೆಯದ ಮಕ್ಕಳಿಗೆ ಅಲ್ಲಿ ಪುಸ್ತಕ ಸಿಗುತ್ತಿರಲಿಲ್ಲ. ಬಹೀಜಾ ಅಂಗೈಯನ್ನು ಎರಡೂ ಕಡೆ ತಿರುಗಿಸಿ ನೋಡಿ, ಕೊಳೆ ಕಂಡರೆ ಮತ್ತೆ ನಲ್ಲಿಗೆ ಅಟ್ಟುತ್ತಿದ್ದರು. ಸಲ್ವಾನನನ್ನು ಮಾತ್ರ ಒಮ್ಮೆಯೂ ಅಟ್ಟಿರಲಿಲ್ಲ.

ಅದೇ ಸಲ್ವಾನ್ ಲೂಟಿಯ ದಿನಗಳಲ್ಲಿ ಒಂದು ಕೈಗಾಡಿ ತುಂಬ ಅವರ ಪುಸ್ತಕಗಳನ್ನು ಕೊಂಡುಕೊಂಡಿದ್ದ. ಗೊತ್ತಿಲ್ಲದೆ ಕೊಂಡ ಎನ್ನುವಂತಿಲ್ಲ, ಮೊದಲ ಹಾಳೆಯ ಮೇಲೆ ಗ್ರಂಥಾಲಯದ ಮೊಹರು ಕಣ್ಣಿಗೆ ರಾಚುತ್ತಿತ್ತು. ಬ್ಲೇಡು ಹಿಡಿದು ಒಂದೊಂದರ ಮೊದಲ ಹಾಳೆಯನ್ನೂ ಕತ್ತರಿಸಿ ತೆಗೆದ. ನನ್ನಲ್ಲಿದ್ದರೆ ಉಳಿಯುತ್ತವೆ, ಬೇರೆಯವರ ಕೈ ಸೇರಿದರೆ ಒಲೆಗೆ ಹೋಗುತ್ತವೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಉಳಿಸುವವನಿಗೆ ಬ್ಲೇಡು ಯಾಕಪ್ಪಾ ಎಂದು ಕೇಳುವವರು ಯಾರೂ ಹತ್ತಿರ ಇರಲಿಲ್ಲ.

ಆ ಶುಕ್ರವಾರ ಬಹೀಜಾ ಎದುರಿನ ಅಬೂ ಲೈತನ ಚಾಪೆಯಿಂದ ಒಂದು ಪುಸ್ತಕ ಎತ್ತಿಕೊಂಡು ಬಂದು ಕೂತರು. ಅದಕ್ಕೂ ಮೊದಲ ಹಾಳೆ ಇರಲಿಲ್ಲ.

"ಖಾಲಾ," ಎಂದ ಸಲ್ವಾನ್. ಚಿಕ್ಕಮ್ಮನನ್ನು ಕರೆಯುವಂತೆ ಅವರನ್ನು ಮೊದಲಿಂದಲೂ ಹಾಗೇ ಕರೆಯುತ್ತಿದ್ದ. "ಮೊಹರೇ ಇಲ್ವಲ್ಲ. ನಿಮ್ದೇ ಅಂತ ಹೆಂಗೆ ಗೊತ್ತಾಯ್ತು?"

ಅವರು ತಗ್ಗಿದ ದನಿಯಲ್ಲಿ ಹೇಳಿದರು: "ನಿಂಗೆ ಹೇಳಿದ್ರೆ ಏನೂ ತೊಂದ್ರೆ ಇಲ್ಲ ಬಿಡು. ಕಳ್ಳರು ಮೊದಲ ಹಾಳೆ ಕೀಳ್ತಾರೆ ಅಂತ ನಮಗೆ ಗೊತ್ತಿಲ್ವೇನೋ? ಒಳಗೆ ಇನ್ನೊಂದು ಮೊಹರು ಒತ್ತಿರ್ತೀವಿ. ಮೂವತ್ತಮೂರನೇ ಪುಟ, ಬೈಂಡಿನ ಹೊಲಿಗೆ ಪಕ್ಕ."

ದೊಡ್ಡ ಗ್ರಂಥಾಲಯಗಳಲ್ಲಿ ಹಾಗೊಂದು ಗುಟ್ಟಿನ ಪುಟ ಇರುತ್ತದೆಂದು ಅವನು ಕೇಳಿದ್ದ. ಈ ಬಡ ಗ್ರಂಥಾಲಯಕ್ಕೂ ಅಷ್ಟು ಮುಂದಾಲೋಚನೆ ಇದ್ದೀತು ಎಂದುಕೊಂಡಿರಲಿಲ್ಲ. ಅವನ ಕಣ್ಣು ಒಳಗಿನ ಕಪಾಟಿನತ್ತ ಹೋಯಿತು.

ಆಚೆಯಿಂದ ಅಬೂ ಲೈತ್ ಕೂಗಿದ: "ಅಮ್ಮಾ, ವಾರವಾರ ನನ್ನ ಚಾಪೆನೇ ಜಾಲಾಡ್ತೀರಲ್ಲ. ಆ ಸಾಹೇಬರ ಅಂಗಡಿನೂ ಒಂದ್ಸಲ ನೋಡಿ, ತಮ್ಮನ್ನ ಬಿಟ್ಟೇಬಿಟ್ರಲ್ಲ ಅಂತ ಅವರಿಗೂ ಬೇಜಾರಾಗಿರುತ್ತೆ."

"ಬಾಯ್ಮುಚ್ಕೊಂಡು ಕೂತ್ಕೋ," ಎಂದರು ಬಹೀಜಾ. "ಇವನ ಪುಸ್ತಕ ತೆಗೆದು ನೋಡಿದ್ರೆ ನಂಗೇ ಪಾಪ ತಟ್ಟುತ್ತೆ."

ಅವರು ಅನುಮಾನಪಟ್ಟಿದ್ದರೆ ಸಲ್ವಾನ್ ಸಲೀಸಾಗಿ ಸುಳ್ಳು ಹೇಳುತ್ತಿದ್ದ. ಈ ನಂಬಿಕೆಯನ್ನು ಮಾತ್ರ ಅವನಿಂದ ಹೊರಲಾಗಲಿಲ್ಲ. ಎದ್ದು ಒಳಗಿನ ಕಪಾಟಿನಿಂದ ಒಂದು ಕಟ್ಟು ಪುಸ್ತಕ ತಂದು ಅವರ ಮುಂದಿಟ್ಟ.

"ನೋಡಿ ಖಾಲಾ."

"ಯಾಕೋ, ಹುಚ್ಚಾ?"

"ನೋಡಿ."

ಅವರು ನಗುತ್ತಲೇ ಮೊದಲನೆಯದನ್ನು ತೆರೆದು ಮೂವತ್ತಮೂರನೇ ಪುಟಕ್ಕೆ ಹೋದರು. ನಗು ನಿಂತಿತು. ಎರಡನೆಯದನ್ನು ತೆರೆದರು. ಮೂರನೆಯದನ್ನು ತೆರೆಯಲಿಲ್ಲ. "ಯಾರೋ ನಿಂಗೆ ಮೋಸ ಮಾಡಿ ಮಾರಿದ್ದಾರೆ, ಅಲ್ವಾ?" ಎಂದರು. ಆ ದನಿ ಬೇಡಿಕೊಳ್ಳುವಂತಿತ್ತು. ಅವನು ಹ್ಞೂಂ ಎಂದಿದ್ದರೆ ಸಾಕಿತ್ತು.

"ಯಾರೂ ಮಾಡಿಲ್ಲ. ಹಾಳೆ ಕತ್ತರಿಸಿದ್ದು ನಾನೇ."

ಅಬೂ ಲೈತ್ ಇದ್ದಕ್ಕಿದ್ದಂತೆ ತನ್ನ ಪುಸ್ತಕಗಳ ಧೂಳು ಹೊಡೆಯತೊಡಗಿದ. ಬಹೀಜಾ ಕತ್ತರಿಸಿದ ಅಂಚಿನ ಮೇಲೆ ಬೆರಳಾಡಿಸಿದರು. "ನೀಟಾಗೇ ಕತ್ತರಿಸಿದ್ದೀಯ," ಎಂದರು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಅವರು ಎದ್ದು ನಿಂತರು. ಚಹಾ ಹಾಗೇ ಉಳಿಯಿತು. "ಇನ್ನೂ ಒಳಗಿವೆ ಖಾಲಾ, ಎಲ್ಲಾನೂ ನಾನೇ ಹೊತ್ಕೊಂಡು ಬಂದು ಕೊಡ್ತೀನಿ," ಎಂದು ಅವನು ಕಟ್ಟಿಗೆ ಕೈ ಹಾಕಿದ. ಅವರು ಪುಸ್ತಕಗಳ ಮೇಲೆ ಅಂಗೈ ಅಡ್ಡ ಇಟ್ಟರು.

"ಕೈ ತೊಳ್ಕೊಂಡು ಬಾ."

ಸಲ್ವಾನ್ ಹಿತ್ತಲ ನಲ್ಲಿಗೆ ಹೋಗಿ, ಸೋಪು ಹಾಕಿ, ಉಗುರಿನ ಸಂದಿಯನ್ನೂ ಬಿಡದೆ ಉಜ್ಜಿ ತೊಳೆದ. ಬಂದು, ನರೆತ ಗಡ್ಡದ ಗಂಡಸು, ಬೀದಿಯವರೆಲ್ಲ ನೋಡುತ್ತಿರುವಾಗ ಒದ್ದೆ ಕೈಗಳನ್ನು ಚಾಚಿ ಅವರ ಮುಂದೆ ನಿಂತ. ಬಹೀಜಾ ಅವನ್ನು ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದರು.

"ಇನ್ನೊಂದ್ಸಲ," ಎಂದರು.