ಕರಿ ಅರಿವೆಯ ಕೂಸು

ಮಸ್ಕಿಯ ಹಳ್ಳದ ನೀರು ಬೆಳಗಿನ ಹೊತ್ತು ಹರಿಯುವುದನ್ನೇ ಮರೆತು ನಿಂತಂತಿರುತ್ತದೆ. ಆ ನೀರಿನಲ್ಲಿ ಗದ್ದೆಮ್ಮ ಕೂಸಿನ ಅರಿವೆ ಒಗೆಯುತ್ತಿದ್ದಳು. ಉಚ್ಚೆಯ ಕಲೆಗೆ ಸವಳು ಮಣ್ಣು ಹಚ್ಚಿ ತಿಕ್ಕಿದಷ್ಟೂ ಅದು ಕಪ್ಪಾಗುತ್ತಿತ್ತು. ಸಂಜೆಯೊಂದು ಬಟ್ಟೆಯೊಳಗೇ ಇಳಿದು ಬರುವಂತೆ.

ಎರಡು ತಿಂಗಳಾದರೂ ಕೂಸಿಗೆ ಹೆಸರಿಲ್ಲ. ಕರಿ ಉಚ್ಚೆಯ ಕೂಸು ಉಳಿಯುವುದಿಲ್ಲ, ಹೋಗುವ ಜೀವಕ್ಕೆ ಹೆಸರಿನ ಹಂಗೇಕೆ ಎಂದು ಅತ್ತೆ ಯಮನಮ್ಮ ತೊಟ್ಟಿಲು ಕಟ್ಟಗೊಟ್ಟಿರಲಿಲ್ಲ. ಗಂಡ ಯಂಕೋಬ ಬಂಡಿ ಹೂಡಿ ಲಿಂಗಸುಗೂರಿನ ದವಾಖಾನೆಗೆ ಕರೆದೊಯ್ದಿದ್ದ. ಅಲ್ಲಿ ನಿಜಾಮ ಸರ್ಕಾರದ ಡಾಕ್ಟರು ಕರೀಂಸಾಬ್ ಉಚ್ಚೆಯನ್ನು ಗಾಜಿನ ನಳಿಗೆಯಲ್ಲಿ ಹಿಡಿದು, ಔಷಧ ಎರಡು ಹನಿ ಬಿಟ್ಟು, ಅದು ಕಪ್ಪಾಗುವುದನ್ನು ಬಹಳ ಹೊತ್ತು ನೋಡಿದ್ದರು. ಹಾಲು ಬೇಳೆಯಲ್ಲಿ ಮೈ ಕಟ್ಟುವ ಸತ್ವವಿರುತ್ತದೆ, ಮಿಕ್ಕಿದ್ದನ್ನು ಮೈಯೇ ಸುಟ್ಟು ಬೂದಿ ಮಾಡಬೇಕು, ಈ ಕೂಸಿನಲ್ಲಿ ಒಂದು ಸತ್ವ ಅರ್ಧ ಸುಟ್ಟು ಇದ್ದಿಲಾಗಿ ಉಳಿಯುತ್ತದೆ ಎಂದಿದ್ದರು. ಮುಂದೆ ಕೀಲುಗಳಿಗೆ ಬೇಗ ಮುಪ್ಪು ಬಂದೀತು. ಆಯುಷ್ಯ ಎಷ್ಟೆಂದು ಮಾತ್ರ, ಇಂಥವರನ್ನು ಪುಸ್ತಕದಲ್ಲಷ್ಟೇ ಕಂಡ ತಾವು ಹೇಳಲಾರೆವು ಎಂದರು. ಗದ್ದೆಮ್ಮನಿಗೆ ಬೇಕಾಗಿದ್ದದ್ದು ಅದೊಂದೇ.

ಪಕ್ಕದ ಕಲ್ಲಿನಲ್ಲಿ ಬಟ್ಟೆ ಸೆಳೆಯುತ್ತಿದ್ದ ಅಗಸರ ಮಾರೆಮ್ಮ ಕೈ ನಿಲ್ಲಿಸಿದಳು.

“ಗದ್ದೆವ್ವಾ, ಸವಳು ಹಚ್ಚಬ್ಯಾಡ. ಹಚ್ಚಿದಂಗ ಕರ್ರಗಾಗತೈತಿ. ನಿಮ್ಮಜ್ಜನ ಧೋತರದಾಗೂ ಇದೇ ಕಲೆ, ನಲವತ್ತು ವರ್ಷದಿಂದ ಬರೇ ನೀರಾಗ ಒಗ್ಯಾಕತ್ತೀನಿ. ಮನಿ ಮಾತು ಹಳ್ಳದಾಗ ಆಡಬಾರದು ಅಂತ ಸುಮ್ಮನಿದ್ದೆ.”

ಗದ್ದೆಮ್ಮ ಒದ್ದೆ ಸೀರೆಯಲ್ಲೇ ಮನೆಗೆ ಓಡಿದಳು. ಅಜ್ಜ ಮುದುಕಪ್ಪ ಅವಳ ತಾಯಿಯ ತಂದೆ. ಸೋದರಮಾವನ ಮಗನನ್ನೇ ಮದುವೆಯಾದದ್ದರಿಂದ ಗಂಡನಿಗೂ ಅಜ್ಜ. ಎಂಬತ್ತು ದಾಟಿ, ಬೆನ್ನು ಬಾಗಿ, ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಶಿವನಾಮ ನುಡಿಯುತ್ತಿದ್ದ. ಕಿವಿಯ ಅಂಚು ನೇರಳೆ ಹಣ್ಣು ಹಿಂಡಿದಂತೆ ನೀಲಿಗಟ್ಟಿತ್ತು. ಅಜ್ಜಂದಿರ ಕಿವಿಯ ಬಣ್ಣವೇ ಅದು ಎಂದು ಅವಳು ಚಿಕ್ಕಂದಿನಿಂದ ತಿಳಿದಿದ್ದಳು.

ಕೇಳಿದಾಗ ಅಜ್ಜ ನಕ್ಕ. ಗಂಡಸಿನ ಉಚ್ಚೆ ಹೊಲಕ್ಕೆ ಹೋಗುತ್ತದೆ, ಹೊಲವೂ ಕರಿ ಮಣ್ಣಿನದು, ಯಾರಿಗೆ ಕಾಣಬೇಕು ಎಂದ. ಮೊಣಕಾಲು ನಲವತ್ತಕ್ಕೇ ಹಿಡಿದಿದ್ದವಂತೆ. ಉಸಿರನ್ನು ಮಾತ್ರ ಶಿವ ಇನ್ನೂ ಕೇಳಿರಲಿಲ್ಲ.

ಕೂಸನ್ನು ತೊಡೆಗೆ ಹಾಕಿಸಿಕೊಂಡು ಯಮನಮ್ಮನನ್ನು ಕರೆದು, ತೊಟ್ಟಿಲು ಕಟ್ಟು, ನನ್ನ ಹೆಸರಿಡು ಎಂದ. ಬದುಕಿರುವವರ ಹೆಸರಿಟ್ಟರೆ ಅವರ ಆಯುಷ್ಯ ಇಳಿಯುತ್ತದೆಂದು ಅವಳು ಬೆದರಿದಳು.

“ಇನ್ನ ಎಷ್ಟು ಇಳದೀತು ಯವ್ವ? ಮುದುಕಪ್ಪ ಅಂತ ಕರೀರಿ. ಕೂಸು ಮುದುಕ ಆಗೇ ತೀರತೈತಿ.”

ಆ ಸಂಜೆ ತೊಟ್ಟಿಲು ತೂಗಿತು. ಗದ್ದೆಮ್ಮ ಬಗ್ಗಿ ಮೆಲ್ಲಗೆ “ಮುದುಕಪ್ಪಾ” ಎಂದಳು.

ಹೊರಗೆ ಕಟ್ಟೆಯ ಮೇಲಿಂದ ಅಜ್ಜ ಓಗೊಟ್ಟ.